ಬಸುರಿಗೆ ಹೇಳಬಾರದ ಸುದ್ದಿ

ನಮ್ಮ ಕಡೆ ಬಸುರಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ. ಹತ್ತಿರದವರು ಸತ್ತರೂ ಅವಳ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ಹೆಣ ಸಾಗುವ ಹೊತ್ತಿಗೆ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಸಳೆ ಕೊಯ್ಯಲು ಹಚ್ಚುತ್ತಾರೆ. ಸಾವಿನ ಮನೆಯಿಂದ ಬಂದವರು ಕಾಲು ತೊಳೆದು, ಮುಖ ತೊಳೆದು, ಎಲ್ಲಿಂದಲೋ ಒಂದು ನಗು ತಂದುಕೊಂಡು ಅವಳ ಮುಂದೆ ನಿಲ್ಲುತ್ತಾರೆ. ತಾಯಿ ಬೆಚ್ಚಿದರೆ ಹೊಟ್ಟೆಯಲ್ಲಿರುವ ಮಗುವೂ ಬೆಚ್ಚುತ್ತದೆ ಎಂಬುದು ನಂಬಿಕೆ. ಗಂಡಸರು ನೀರಿನ ಮೇಲೆ ಬದುಕುವ ನಮ್ಮ ಕೇರಿಗಳಲ್ಲಿ ಇದನ್ನು ದೇವರಿಗೆ ಹೇಳಿಕೊಂಡ ಹರಕೆಯಷ್ಟೇ ಗಟ್ಟಿಯಾಗಿ ಪಾಲಿಸುತ್ತಾರೆ. ಚಿಕ್ಕವಳಿದ್ದಾಗ ನಾನೂ ಪಾಲಿಸಿದವಳೇ. ಪಕ್ಕದ ಮನೆಯ ಬಸುರಿಯ ಮುಂದೆ ಅವಳ ಅಜ್ಜ ಸತ್ತ ಮಾತೆತ್ತದೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂದು ಅಮ್ಮ ನನ್ನನ್ನು ಎಲ್ಲರೆದುರು ಹೊಗಳಿದ್ದಳು.

ಹಾಗಾಗಿ ನನ್ನ ಸರದಿ ಬಂದಾಗ ಯಾರನ್ನು ಬೈಯುವುದು? ನಾನು ಬಸುರಿಯಾಗಿದ್ದಾಗ ನನ್ನ ಗಂಡ ರತ್ನಾಗಿರಿಯ ಕಡೆ ಬೋಟಿನಿಂದ ಬಿದ್ದು ಸತ್ತ. ಭಟ್ಕಳದಿಂದ ಹೊನ್ನಾವರದವರೆಗೆ ನಮ್ಮವರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅವನು ನನ್ನನ್ನು ಬಿಟ್ಟು ಹೋಗಿದ್ದಾನೆ ಎಂದು ನಾನು ತಿಳಿದಿದ್ದೆ. ಹೀಗೆ ತಿಳಿದದ್ದನ್ನು ನಾನೂ ಯಾರಿಗೂ ಹೇಳಲಿಲ್ಲ. ಅವರ ಬಾಯಿಯಲ್ಲಿ ಒಂದು ಸುದ್ದಿ, ನನ್ನ ಬಾಯಿಯಲ್ಲಿ ಒಂದು ಸುದ್ದಿ, ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡೇ ಮಳೆಗಾಲ ಕಳೆದೆವು.

ಅವನು ನನ್ನನ್ನು ಬಿಟ್ಟ ಎಂದು ನಂಬಲು ನನಗೆ ಕಾರಣವಿತ್ತು. ನನ್ನ ತವರು ಹೊನ್ನಾವರದ ಹತ್ತಿರ ಶರಾವತಿ ದಡದ ಮಾವಿನಕುರ್ವೆ, ಕೊಟ್ಟದ್ದು ಭಟ್ಕಳಕ್ಕೆ, ಬಂದರಿನ ಹತ್ತಿರದ ಮನೆಗೆ. ಮನೆಯಲ್ಲಿ ಗಂಡ, ಅತ್ತೆ, ನಾನು ಮೂವರೇ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆ ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆಗೆ ಹೋಗಿ ಮಾರುವವಳು, ಗಂಡ ಅಲ್ಲಿಯದೇ ಬೋಟಿಗೆ ಹೋಗುವವನು. ಅವನು ಕೆಟ್ಟವನಾಗಿರಲಿಲ್ಲ. ಮಾತು ಕಡಿಮೆ. ಸಿಟ್ಟು ಬಂದರೆ ಅದೂ ಇಲ್ಲ. ನಾನು ಅದಕ್ಕೆ ತದ್ವಿರುದ್ಧ, ನನ್ನ ಬಾಯಿ ಬಂದರಿನ ಹರಾಜಿನವನ ಬಾಯಿ. ಮದುವೆಯಾದ ಹೊಸತರಲ್ಲಿ ಇದೇ ಚೆನ್ನಾಗಿತ್ತು. ನಾನು ಮಾತಾಡುತ್ತಿದ್ದೆ, ಅವನು ಬಲೆಯ ಹರಕು ಹೊಲಿಯುತ್ತ ಕೇಳಿಸಿಕೊಳ್ಳುತ್ತಿದ್ದ.

ನಾನು ಬಸುರಿ ಎಂದು ತಿಳಿದ ಹೊತ್ತಿಗೇ ಅವನು ಇಲ್ಲಿಯ ಬೋಟು ಬಿಟ್ಟು ರತ್ನಾಗಿರಿಯ ಬೋಟು ಸೇರುತ್ತೇನೆ ಎಂದ. ಒಮ್ಮೆ ಹೋಗಿ ನೋಡಿಕೊಂಡು ಬಂದ. ಬಂದ ಮೇಲೆ ಒಂದು ಮಧ್ಯಾಹ್ನ ಅವನು ಮೀಯಲು ಹೋಗಿದ್ದಾಗ ಅವನ ಫೋನು ಬಡಿದುಕೊಂಡಿತು. ಎತ್ತಿದೆ. ಒಬ್ಬ ಹೆಂಗಸು ಮರಾಠಿಯಲ್ಲಿ ಏನೋ ಹೇಳಿದಳು, ನಕ್ಕಳು, ನಾನು ಯಾರೆಂದು ಕೇಳುತ್ತಲೇ ಇಟ್ಟುಬಿಟ್ಟಳು. ಅವಳು ತಂಡೇಲನ ಹೆಂಡತಿ, ಬೋಟಿನವರಿಗೆ ಅಡಿಗೆ ಮಾಡಿ ಹಾಕುತ್ತಾಳೆ ಎಂದು ಅವನು ಹೇಳಿದ. ಬೋಟು ನಡೆಸುವ ತಂಡೇಲನ ಹೆಂಡತಿ ಆಳಿಗೆ ಫೋನು ಮಾಡಿ ನಗುವುದು ಯಾತಕ್ಕೆ ಎಂದು ನಾನು ಕೇಳಿದೆ. ನಮ್ಮ ಕಡೆಯ ಎಷ್ಟು ಗಂಡಸರಿಗೆ ಆ ಬಂದರುಗಳಲ್ಲಿ ಎರಡನೇ ಮನೆ ಇದೆ ಎಂಬುದು ನನಗೂ ಗೊತ್ತಿತ್ತು. ಜಗಳ ಮೂರು ದಿನ ನಡೆಯಿತು, ಅಂದರೆ ಮೂರು ದಿನ ನಾನೊಬ್ಬಳೇ ಮಾತಾಡಿದೆ. ಕೊನೆಗೆ ಅವನು ಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತು, "ನಾ ಹೋತೆ. ನಂಗೆ ಫೋನ್ ಮಾಡಬೇಡ," ಎಂದ. ಬಾಯಿ ಬಿಡದವನು ಬಿಟ್ಟ ಮಾತು ಅದು. ನಾನು ಫೋನು ಮಾಡಲಿಲ್ಲ.

ಅವನು ತಾಯಿಗೆ ಮಾಡುತ್ತಿದ್ದ. ಅತ್ತೆ ಮಾತಾಡಿ ಮುಗಿಸಿ ನನ್ನತ್ತ ಫೋನು ಚಾಚುತ್ತಿದ್ದಳು. ನಾನು ಕೈಯಲ್ಲಿ ಕೆಲಸವಿರುವಂತೆ ತಿರುಗಿಕೊಳ್ಳುತ್ತಿದ್ದೆ, ಆದರೆ ಕಿವಿ ಅಲ್ಲೇ ಇರುತ್ತಿತ್ತು. ಒಮ್ಮೆ ತೆಗೆದುಕೊಂಡೆ. ಊಟ ಮಾಡಿದೆಯಾ ಎಂದು ಕೇಳಿದ. ಹೂಂ ಎಂದೆ. ಬಲೆ ಎಳೆಯುವುದಿದೆ ಎಂದು ಇಟ್ಟ. ಆಮೇಲೆ ಆ ಫೋನೂ ನಿಂತಿತು. ಅವನ ಮೊಬೈಲು ಸಮುದ್ರಕ್ಕೆ ಬಿದ್ದಿದೆಯಂತೆ ಎಂದು ಅತ್ತೆ ಹೇಳಿದಳು. ಯಾರು ಹೇಳಿದರು ಎಂದು ಕೇಳಿದರೆ ಬಂದರಿನಲ್ಲಿ ಯಾರೋ ಎಂದಳು. ಬೇರೆಯವರ ಫೋನು ಬೋಟಿನಲ್ಲಿ ಇಲ್ಲವೇ ಎಂದು ಕೇಳಿದರೆ ಅವಳು ಮೀನಿನ ಬುಟ್ಟಿ ತೊಳೆಯಲು ಹೊರಟಳು. ಬುಟ್ಟಿ ಆಗಲೇ ತೊಳೆದಾಗಿತ್ತು.

ಅದರ ಮಾರನೆಯ ದಿನವೋ ಅದೇ ದಿನವೋ, ನನಗೆ ಸರಿಯಾಗಿ ನೆನಪಿಲ್ಲ, ಅಮ್ಮ ಮತ್ತು ಅಣ್ಣ ಹೇಳದೆ ಕೇಳದೆ ಬಂದರು. ನನ್ನನ್ನು ತವರಿಗೆ ಕರೆದುಕೊಂಡು ಹೋಗುತ್ತೇವೆ ಎಂದರು. ಬಸುರಿಯನ್ನು ಹಾಗೆ ಸುಮ್ಮನೆ ಕರೆದುಕೊಂಡು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಏಳನೇ ತಿಂಗಳಲ್ಲಿ ತವರಿನವರು ಬಯಕೆಯ ಅಡಿಗೆ, ಹೂವು, ಹಸಿರು ಬಳೆ ತೆಗೆದುಕೊಂಡು ಗಂಡನ ಮನೆಗೆ ಬರಬೇಕು. ಅಲ್ಲಿ ಶಾಸ್ತ್ರವಾದ ಮೇಲೆ ಕರೆದೊಯ್ಯಬೇಕು. ನನಗೆ ಇನ್ನೂ ಏಳು ಬಿದ್ದಿರಲಿಲ್ಲ. ಅಮ್ಮನ ಕೈಯಲ್ಲಿ ಒಂದು ಎಳೆ ಹೂವೂ ಇರಲಿಲ್ಲ. ಅತ್ತೆ ಒಂದು ಮಾತಿಗಾದರೂ ತಡೆಯಲಿಲ್ಲ. ನನ್ನ ಸೀರೆಗಳನ್ನೆಲ್ಲ ಅವಳೇ ಮಡಚಿ ಚೀಲಕ್ಕೆ ತುಂಬಿದಳು, ಮದುವೆ ಸೀರೆಯನ್ನೂ ಬಿಡದೆ. ಮಗ ಕೈಬಿಟ್ಟ ಸೊಸೆಯನ್ನು ತಾಯಿ ಹೊರಗೆ ಹಾಕುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಅವಳ ಕಣ್ಣು ಕೆಂಪಾಗಿತ್ತು. ನಾಚಿಕೆಗಾದರೂ ಅಳುತ್ತಾಳಲ್ಲ ಎಂದುಕೊಂಡೆ.

ಹೊರಡುವ ಹೊತ್ತಿಗೆ ಅತ್ತೆ ಮೀನು ಕೊಡುವ ಮನೆಯ ಬೀಬಿ ಬಂದಳು. ವಯಸ್ಸಾದ ನವಾಯತ ಮುಸಲ್ಮಾನ ಹೆಂಗಸು, ನಮ್ಮ ಓಣಿಗೆ ಅವಳು ಕಾಲಿಟ್ಟದ್ದನ್ನು ನಾನು ಕಂಡದ್ದೇ ಇಲ್ಲ. ನನ್ನ ತಲೆ ಸವರಿ, ಅತ್ತೆಯ ಕೈ ಹಿಡಿದುಕೊಂಡು ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ಅತ್ತೆಗೆ ವ್ಯಾಪಾರದಿಂದಾಗಿ ನವಾಯತಿ ಚೆನ್ನಾಗಿ ಬರುತ್ತಿತ್ತು. ಹೊನ್ನಾವರದ ಕಡೆಯವಳಾದ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನನ್ನ ಗಂಡನ ಸಾವಿಗೆ ನನ್ನೆದುರೇ, ನನಗೆ ಬಾರದ ಭಾಷೆಯಲ್ಲಿ, ಆ ಇಬ್ಬರು ಅತ್ತರು. ನಾನು ಚೀಲದ ಮೇಲೆ ಕುಳಿತು, ನನ್ನ ಮರ್ಯಾದೆ ಹೋದ ಸುದ್ದಿ ಭಟ್ಕಳದ ಮನೆಮನೆಗೂ ಮುಟ್ಟಿತಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಅಣ್ಣ ನಮ್ಮನ್ನು ಹೊನ್ನಾವರಕ್ಕೆ ಬಿಟ್ಟು ಅಲ್ಲಿಂದಲೇ ರತ್ನಾಗಿರಿಗೆ ಹೋದ. ಒಂದು ಹಳೆಯ ಇಂಜಿನು ಮಾರಾಟಕ್ಕಿದೆ, ನೋಡಿ ಬರುತ್ತೇನೆ ಎಂದ. ನಾನು ಒಳಗೊಳಗೇ ಆಸೆ ಕಟ್ಟಿಕೊಂಡೆ. ನನ್ನ ಗಂಡನನ್ನು ಎಳೆದು ತರಲು ಹೋಗುತ್ತಿದ್ದಾನೆ, ಇಂಜಿನು ಒಂದು ನೆಪ ಎಂದುಕೊಂಡೆ. ನಾಲ್ಕೈದು ದಿನ ದಾರಿ ಕಾದೆ. ಅವನು ಒಬ್ಬನೇ ಬಂದ. ಹುಟ್ಟಿದಾಗಿನಿಂದ ನನ್ನ ಜೊತೆ ಜಗಳ ಬಿಟ್ಟು ಬೇರೆ ವ್ಯವಹಾರ ಇಟ್ಟುಕೊಳ್ಳದ ಅಣ್ಣ, ಒಂದು ಚೀಲ ದ್ರಾಕ್ಷಿ ತಂದು ನನ್ನ ಪಕ್ಕದಲ್ಲಿಟ್ಟು ಹೊರಗೆ ಹೋದ. ಆ ದ್ರಾಕ್ಷಿ ನೋಡಿಯೇ ನನಗೆ ಎಲ್ಲ ಮುಗಿಯಿತು ಎನಿಸಿತು. ಅಣ್ಣ ಕರೆದಿದ್ದಾನೆ, ನನ್ನ ಗಂಡ ಬರುವುದಿಲ್ಲ ಎಂದಿದ್ದಾನೆ. ಹೆಣ ಸುಟ್ಟು ಬಂದವನ ಮುಖವನ್ನು ಸೋತು ಬಂದವನ ಮುಖ ಎಂದು ನಾನು ಓದಿದೆ.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ? ದುಃಖ ಎಂದರೆ ಸರಿಯಾಗುವುದಿಲ್ಲ. ದುಃಖವಿದ್ದರೆ ಅಳಬಹುದು. ನನಗೆ ಅಳು ಬರುತ್ತಿರಲಿಲ್ಲ. ಬೆಳಿಗ್ಗೆ ಏಳುವುದು ಬೇಡವೆನಿಸುತ್ತಿತ್ತು, ಎದ್ದ ಮೇಲೆ ಮುಖ ತೊಳೆಯುವುದು ಬೇಡವೆನಿಸುತ್ತಿತ್ತು. ಅಮ್ಮ ಕಲಸಿಟ್ಟ ಅನ್ನ ತಣ್ಣಗಾಗಿ ಗಟ್ಟಿಯಾಗುವವರೆಗೆ ಅದನ್ನೇ ನೋಡುತ್ತ ಕೂರುತ್ತಿದ್ದೆ. ಹೊಟ್ಟೆಯೊಳಗೆ ಮಗು ಹೊರಳಿದರೆ ಪಕ್ಕದ ಮನೆಯ ಗೋಡೆ ಯಾರೋ ತಟ್ಟಿದ ಹಾಗೆ, ನನಗೆ ಸಂಬಂಧವೇ ಇಲ್ಲ ಎನಿಸುತ್ತಿತ್ತು. ಮನಸ್ಸಿನಲ್ಲಿ ಮಾತ್ರ ಅವನ ಜೊತೆ ಜಗಳ ಬಿಡದೆ ನಡೆಯುತ್ತಿತ್ತು. ಆ ಮರಾಠಿ ಹೆಂಗಸಿನ ಮನೆಯಲ್ಲಿ ಅವನು ಕುಳಿತು ಬಲೆ ಹೊಲಿಯುವುದು, ಅವಳು ಮಾತಾಡುವುದು, ಅವನು ಕೇಳಿಸಿಕೊಳ್ಳುವುದು ಎಲ್ಲ ಕಾಣುತ್ತಿತ್ತು. ಸತ್ತು ಹೋಗು ಎಂದು ಎಷ್ಟು ಸಲ ಅಂದೆನೋ. ಅವನು ಆಗಲೇ ಸತ್ತಾಗಿತ್ತು. ನನ್ನ ಶಾಪಕ್ಕೆ ಆ ಕೆಲಸವೂ ಉಳಿದಿರಲಿಲ್ಲ.

ಊರಿನವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಬಾವಿಕಟ್ಟೆಗೆ ಹೋದರೆ ಗುಸುಗುಸು ಅಲ್ಲಿಗೇ ಬಂದ್. ಒಬ್ಬಳು ತಟ್ಟನೆ ಈ ಸಲದ ಬಂಗಡೆಯ ಮಾತು ತೆಗೆಯುತ್ತಿದ್ದಳು, ಇನ್ನೊಬ್ಬಳು ನನ್ನ ಕೊಡ ತಾನೇ ಎತ್ತಿಕೊಂಡು ಹೊರಡುತ್ತಿದ್ದಳು. ಗಂಡ ಬಿಟ್ಟವಳಿಗೆ ಇಷ್ಟು ಉಪಚಾರವೇ ಎಂದು ನನಗೆ ಉರಿಯುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಅವರು ಬಾಯಿ ಬಿಡುವ ಮೊದಲೇ, ನನ್ನ ಗಂಡ ಮೊನ್ನೆ ಫೋನು ಮಾಡಿದ್ದ, ಈಗ ಬೋಟು ದೂರ ಹೋಗಿದೆ, ಅದಕ್ಕೆ ಸಿಗ್ನಲ್ಲಿಲ್ಲ ಎಂದು ನಾನೇ ಕತೆ ಹೇಳುತ್ತಿದ್ದೆ. ಅವರು ಹೌದು ಹೌದು ಎನ್ನುತ್ತಿದ್ದರು. ಈಗಲೂ ಅದು ಕಣ್ಣೆದುರಿಗೆ ಬರುತ್ತದೆ. ಸತ್ತವನು ಫೋನು ಮಾಡಿದ್ದಾನೆ ಎಂದು ನಾನು ಹೇಳುವುದು, ಅವರು ನಗುತ್ತ ತಲೆಯಾಡಿಸುವುದು.

ಮಳೆಗಾಲ ಶುರುವಾಯಿತು. ಮೀನುಗಾರಿಕೆ ನಿಷೇಧದ ಎರಡು ತಿಂಗಳು ಬೋಟುಗಳೆಲ್ಲ ದಡಕ್ಕೆ ಬರುತ್ತವೆ. ಗೋವೆ, ರತ್ನಾಗಿರಿ, ಮಲ್ಪೆ ಎಂದು ಹೋದ ಗಂಡಸರೆಲ್ಲ ಮನೆಗೆ ಬರುತ್ತಾರೆ. ಬಸುರಿಯರಿಗೆ, ಹೊಸದಾಗಿ ಮದುವೆಯಾದವರಿಗೆ ಅದೇ ಹಬ್ಬ. ನನ್ನ ಸಿಗ್ನಲ್ಲಿಲ್ಲದ ಕತೆಗೆ ಆ ತಿಂಗಳು ಜಾಗವಿರಲಿಲ್ಲ. ಒಂದೊಂದು ಮನೆಯಲ್ಲೂ ಗಂಡಸಿನ ಕೆಮ್ಮು, ಗಂಡಸಿನ ನಗು ಕೇಳುತ್ತಿತ್ತು. ನಾನು ಹೊರಗೆ ಹೋಗುವುದನ್ನೇ ಬಿಟ್ಟೆ. ಯಾರೂ ನನ್ನನ್ನು ಕೇಳಲಿಲ್ಲ, ನಿನ್ನ ಗಂಡ ಬರಲಿಲ್ಲವೇ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಬಯಕೆಯ ಶಾಸ್ತ್ರವನ್ನು ಅಮ್ಮ ತವರಿನಲ್ಲೇ ಮಾಡಿದಳು. ಮಾಡದಿದ್ದರೆ ನನಗೆ ಸಂಶಯ ಬರುತ್ತದೆ ಎಂದು ಅವಳಿಗೆ ಹೆದರಿಕೆ. ನನಗೆ ಬೇಡವಾಗಿತ್ತು, ಆದರೆ ಬೇಡ ಎಂದು ವಾದಿಸಲೂ ಮೈಯಲ್ಲಿ ಶಕ್ತಿಯಿರಲಿಲ್ಲ. ಮುತ್ತೈದೆಯರು ನಾಲ್ಕಾರು ಜನ ಬಂದರು. ಹಸಿರು ಬಳೆ ತೊಡಿಸಿದರು, ಮಲ್ಲಿಗೆ ಮುಡಿಸಿದರು. ಮುಡಿಸಿದವಳ ಕೈಯಿಂದ ಹೂವು ಎರಡು ಸಲ ಜಾರಿತು. ಎಲೆಯ ತುಂಬ ಬಡಿಸಿದ್ದರು, ಕಜ್ಜಾಯ, ಸೀಗಡಿ ಸುಕ್ಕ, ಹುರಿದ ನೊಗಲಿ ಮೀನು, ಅಪ್ಪೆ ಮಾವಿನ ಉಪ್ಪಿನಕಾಯಿ. ಊಟಕ್ಕೆ ಮುಂಚೆ ಹಾಡು ಹೇಳಬೇಕು. ಬಸುರಿಯನ್ನು ನಿನಗೇನು ಬಯಕೆ ಎಂದು ಕೇಳುವ ಹಾಡು, ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಬಾಯಿಪಾಠ. ಒಂದು ಸೊಲ್ಲಿನಲ್ಲಿ ಅವಳು ಹುಣಿಸೆ ಕೇಳುತ್ತಾಳೆ, ಮುಂದಿನ ಸೊಲ್ಲಿನಲ್ಲಿ ಗಂಡ ಹೋಗಿ ತರುತ್ತಾನೆ. ಅವಳು ಮಾವು ಕೇಳುತ್ತಾಳೆ, ಗಂಡ ತರುತ್ತಾನೆ. ಕೊನೆಯಲ್ಲಿ ಅವಳು ಬೇರೇನೂ ಬೇಡ, ನೀನು ಮನೆಯಲ್ಲಿದ್ದರೆ ಸಾಕು ಎನ್ನುತ್ತಾಳೆ. ಅಲ್ಲಿ ಎಲ್ಲರೂ ಬಸುರಿಯನ್ನು ಚುಚ್ಚಿ ನಗಿಸುತ್ತಾರೆ.

ಅವತ್ತು ಅವರು ಗಂಡನ ಸೊಲ್ಲುಗಳನ್ನೆಲ್ಲ ಬಿಟ್ಟು ಹಾಡಿದರು. ಹುಣಿಸೆ ಕೇಳಿದಳು, ಮಾವು ಕೇಳಿದಳು, ನೆಲ್ಲಿ ಕೇಳಿದಳು. ಕೇಳುತ್ತಲೇ ಹೋದಳು, ತರುವವನು ಬರಲೇ ಇಲ್ಲ. ಮೊದಲೇ ಮಾತಾಡಿಕೊಂಡು ಬಂದಿದ್ದರೆಂದು ಕಾಣುತ್ತದೆ, ಒಬ್ಬರೂ ತಪ್ಪಲಿಲ್ಲ. ನನಗೆ ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ನನ್ನ ಹಳೆಯ ಬಾಯಿ ತೆರೆಯಿತು.

"ಗಂಡ ತಂದುಕೊಡೂ ಸೊಲ್ಲು ಎಲ್ಲಿಗೆ ಹೋತು?" ಎಂದೆ.

ಹಾಡು ನಿಂತಿತು. ಹೊರಗೆ ಮಳೆ ಹೊಯ್ಯುತ್ತಿತ್ತು. ಒಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಮರೆತುಹೋಯಿತು ಮಗಾ ಎಂದು ಹಿರಿಯಳೊಬ್ಬಳು ತೊದಲಿದಳು. ಅಮ್ಮ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಎಲೆಯ ಮೇಲಿದ್ದುದನ್ನೆಲ್ಲ ತಿಂದೆ, ಬೇಕೆಂದೇ ತಿಂದೆ, ಅವರೆಲ್ಲ ನೋಡುತ್ತಿರುವಾಗ. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಅದಾದ ಮೇಲೆ ನನಗೆ ಬದುಕು ಬೇಡವೆನಿಸತೊಡಗಿತು. ಮೊದಲು ಸುಮ್ಮನೆ ಬಂದು ಹೋಗುವ ಯೋಚನೆಯಾಗಿತ್ತು, ನಂತರ ಅಲ್ಲೇ ಕೂತಿತು. ಒಂದು ಸಂಜೆ ಮಳೆ ಬಿಟ್ಟಾಗ ಶರಾವತಿಯ ದಡಕ್ಕೆ ಹೋದೆ. ನೀರು ಕೆಂಪಾಗಿ ಉಕ್ಕಿ ಅಳಿವೆಯ ಕಡೆ ಓಡುತ್ತಿತ್ತು. ನಾನು ದಡದಲ್ಲಿ ನಿಂತು, ಹೋದರೆ ಯಾರಿಗೆ ಏನು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿದೆ. ಏನೂ ಆಗುವುದಿಲ್ಲ ಎನಿಸಿತು. ಹೆದರಿಕೆಯೇ ಆಗಲಿಲ್ಲ, ಅದೇ ಈಗ ನನ್ನನ್ನು ಹೆದರಿಸುತ್ತದೆ. ಅಷ್ಟರಲ್ಲಿ ಅಣ್ಣ ಹಿಂದಿನಿಂದ ಬಂದು ತೋಳು ಹಿಡಿದ. ಬೈಯಲಿಲ್ಲ. ದಡ ಕುಸಿಯುತ್ತದೆ, ಒಳಗೆ ನಡೆ ಎಂದ. ಅವತ್ತಿನಿಂದ ನಾನು ಎಲ್ಲಿಗೆ ಹೋದರೂ ಮನೆಯವರೊಬ್ಬರು ಹಿಂದಿರುತ್ತಿದ್ದರು.

ಕುಮಟೆಯಲ್ಲಿ ನಾನು ತೋರಿಸಿಕೊಳ್ಳುತ್ತಿದ್ದ ಡಾಕ್ಟರು ಒಬ್ಬರು ಹೆಂಗಸು. ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ಮನಸ್ಸು ಹೇಗಿದೆ ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಪ್ರತಿ ಸಲವೂ ನನ್ನ ಬದಲು ಅಮ್ಮನೇ ಎಲ್ಲ ಆರಾಮ ಎನ್ನುತ್ತಿದ್ದಳು. ನದಿಯ ದಡದ ಸಂಗತಿಯಾದ ಮೇಲೆ ಹೋದಾಗ ನನ್ನ ತೂಕ ಏರದೆ ಇಳಿದದ್ದನ್ನು ನೋಡಿ ಅವರು ಅಮ್ಮನನ್ನು ಹೊರಗೆ ಕೂರಲು ಹೇಳಿದರು. ಬಾಗಿಲು ಮುಚ್ಚಿದ ಮೇಲೆ, ಮನೆಯಲ್ಲಿ ಏನಾದರೂ ತೊಂದರೆ ಇದೆಯಾ, ಗಂಡ ಹೇಗಿದ್ದಾರೆ ಎಂದು ಕೇಳಿದರು. ನಾನು ಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ಹೇಳಿದೆ.

"ಅವ ನನ್ನ ಬಿಟ್ಟು ಹೋಗಿದ್ದ. ನಂಗೆ ಈ ಮಗು ಬೇಡ. ನಂಗೆ ಇರೂದೇ ಬೇಡ."

ಅವರು ಗಾಬರಿಯಾಗಲಿಲ್ಲ, ಉಪದೇಶ ಮಾಡಲಿಲ್ಲ. ಇದೂ ಒಂದು ಕಾಯಿಲೆಯೇ, ಬಸುರಿಯರಿಗೆ ಬರುತ್ತದೆ, ಗಂಡ ಹತ್ತಿರ ಇಲ್ಲದವರಿಗೆ, ಇದ್ದೂ ಇಲ್ಲದವರಿಗೆ ಇನ್ನೂ ಹೆಚ್ಚು ಬರುತ್ತದೆ, ಇದಕ್ಕೆ ಔಷಧಿ ಇದೆ, ನೋಡುವ ಡಾಕ್ಟರು ಇದ್ದಾರೆ ಎಂದರು. ನನಗೆ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದ ಹಾಗಾಯಿತು. ಆಮೇಲೆ ನನ್ನನ್ನು ಅಲ್ಲೇ ಕೂರಿಸಿ ಅಮ್ಮನ ಜೊತೆ ಮಾತಾಡಲು ಹೊರಗೆ ಹೋದರು. ಬರುವಾಗ ಅವರ ಮುಖದ ಬಣ್ಣವೇ ಬದಲಾಗಿತ್ತು. ನನ್ನ ಕಣ್ಣು ತಪ್ಪಿಸಿ ಏನೋ ಬರೆದರು, ಮುಂದಿನ ವಾರ ಖಂಡಿತ ಬಾ ಎಂದರು.

ಹೊರಗೆ ನಡೆದದ್ದನ್ನು ಅಮ್ಮ ನನಗೆ ಹೇಳಿದ್ದು ಬಹಳ ದಿನಗಳ ಮೇಲೆ. ಅವಳಿಗೆ ನಿಜ ಹೇಳಿ, ಈಗಲೇ ಹೇಳಿ, ನಾನೂ ಜೊತೆಗಿರುತ್ತೇನೆ ಎಂದು ಡಾಕ್ಟರು ಎಷ್ಟೋ ಹೇಳಿದರಂತೆ. ಅಮ್ಮ ಕಾಲು ಹಿಡಿದುಕೊಂಡಳಂತೆ. ಬಿಟ್ಟು ಹೋದ ಎಂಬುದಕ್ಕೇ ನದಿಯ ದಡಕ್ಕೆ ಹೋದವಳು ಸತ್ತ ಎಂದರೆ ಉಳಿಯುತ್ತಾಳೆಯೇ ಎಂದು ಅವಳ ವಾದ. ಅಮ್ಮನ ಹೆದರಿಕೆ ಸುಳ್ಳಲ್ಲ, ಅದು ನನಗೂ ಅರ್ಥವಾಗುತ್ತದೆ. ಹೇಳದೆ ಇದ್ದದ್ದರಿಂದ ನಾನು ಹಾಗಾದೆ, ನಾನು ಹಾಗಾದದ್ದರಿಂದ ಅವರು ಹೇಳಲಿಲ್ಲ. ಈ ಗಂಟು ಬಿಡಿಸಲು ಅಷ್ಟು ಓದಿದ ಡಾಕ್ಟರಿಗೂ ಬರಲಿಲ್ಲ.

ಅವರು ಬರೆದುಕೊಟ್ಟ ಮನಸ್ಸಿನ ಡಾಕ್ಟರ ಹತ್ತಿರ ಅಮ್ಮ ನನ್ನನ್ನು ಕರೆದೊಯ್ಯಲಿಲ್ಲ. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಹುಚ್ಚಿನ ಮಾತ್ರೆ ನುಂಗುವುದೇ ಎಂದಳು. ಬದಲಿಗೆ ವಾಪಸು ಬರುವಾಗ ಧಾರೇಶ್ವರದಲ್ಲಿ ಇಳಿದು ಹರಕೆ ಹೇಳಿಕೊಂಡಳು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದೆ. ಅಮ್ಮ ದೇವರ ಮುಂದೆ ಬಹಳ ಹೊತ್ತು ನಿಂತಿದ್ದಳು. ಅಳಿಯನನ್ನು ಕಳಿಸಿಕೊಡು ಎಂದು ಬೇಡುತ್ತಿದ್ದಾಳೆ ಎಂದುಕೊಂಡೆ.

ನಿಷೇಧ ಮುಗಿದು ಬೋಟುಗಳು ಮತ್ತೆ ಸಮುದ್ರಕ್ಕೆ ಇಳಿದ ಮೇಲೆ ಕುಮಟೆಯಲ್ಲೇ ಹೆರಿಗೆಯಾಯಿತು. ಗಂಡು. ಎತ್ತಿ ನನ್ನ ಪಕ್ಕದಲ್ಲಿ ಮಲಗಿಸಿದರು. ನಾನು ಅದರ ಬೆರಳು ಎಣಿಸಲಿಲ್ಲ, ಯಾರ ಹಾಗಿದೆ ಎಂದು ನೋಡಲಿಲ್ಲ. ಹಾಲು ಕುಡಿಸು ಎಂದರೆ ಕುಡಿಸುತ್ತಿದ್ದೆ. ಬಾಣಂತಿಗೂ ನಮ್ಮಲ್ಲಿ ಕೆಟ್ಟ ಸುದ್ದಿ ಹೇಳುವುದಿಲ್ಲ, ಎದೆಹಾಲು ಬತ್ತುತ್ತದೆ ಎನ್ನುತ್ತಾರೆ. ನಲವತ್ತು ದಿನ ಕಳೆದ ಮೇಲೆ ಹೇಳುವುದೆಂದು ಅಮ್ಮ ಅಣ್ಣ ನಿಶ್ಚಯಿಸಿದ್ದರು.

ಅತ್ತೆ ಮಗುವನ್ನು ನೋಡಲು ಮಾವಿನಕುರ್ವೆಗೆ ಬಂದಳು. ನನ್ನನ್ನು ಹೊರಗೆ ಹಾಕಿದವಳು ಯಾವ ಮುಖ ಹೊತ್ತು ಬರುತ್ತಾಳೆ ಎಂದು ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ಮಗುವನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡಳು. ಅದರ ಹಣೆ ಸವರಿದಳು, ಕಿವಿ ಮುಟ್ಟಿದಳು. ಅವಳಿಗೆ ನಾನಿದ್ದದ್ದು, ಅಮ್ಮ ಇದ್ದದ್ದು, ಹೇಳಬಾರದ್ದು ಎಲ್ಲ ಮರೆತುಹೋಯಿತೆಂದು ಕಾಣುತ್ತದೆ.

"ಅವನೇ ತಿರುಗಿ ಬಂದ," ಎಂದಳು. "ಅಬ್ಬೆಯ ಬಿಟ್ಟು ಇರೂಕೆ ಆಗಲಿಲ್ಲ ಅವನಿಗೆ, ಅವನೇ ಹುಟ್ಟಿ ಬಂದ."

ಅಮ್ಮ ಓಡಿಬಂದು ಅವಳ ಭುಜ ಹಿಡಿದಳು. ಆದರೆ ಮಾತು ಹೊರಬಿದ್ದಾಗಿತ್ತು. ಬದುಕಿರುವವರನ್ನು ಯಾರೂ ಹುಟ್ಟಿ ಬಂದರು ಎನ್ನುವುದಿಲ್ಲ. ನಾನು ಎದ್ದು ಕುಳಿತೆ. ಯಾವಾಗ ಎಂದು ಕೇಳಿದೆ. ಇನ್ನೊಮ್ಮೆ ಕೇಳಿದೆ. ಅಣ್ಣ ಬಾಗಿಲಿನಿಂದಲೇ, ನಿನ್ನನ್ನು ಕರೆತಂದ ದಿನ ಸುದ್ದಿ ಬಂದಿತ್ತು ಎಂದ.

ನನಗೆ ಮೊದಲು ಆದದ್ದು ಸಂತೋಷ. ಇದನ್ನು ಹೇಳದೆ ಬಿಟ್ಟರೆ ಉಳಿದದ್ದನ್ನು ಹೇಳಿ ಉಪಯೋಗವಿಲ್ಲ. ಅವನು ನನ್ನನ್ನು ಬಿಟ್ಟಿರಲಿಲ್ಲ, ಸತ್ತಿದ್ದ ಅಷ್ಟೇ, ಎಂದು ನನ್ನ ಜೀವ ಕುಣಿಯಿತು. ನಾನು ನಕ್ಕೆನಂತೆ. ಅತ್ತೆ ಮಗುವನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. ತಿಂಗಳುಗಟ್ಟಲೆ ನಾನು ಕಂಡ ಆ ಮರಾಠಿ ಹೆಂಗಸಿನ ಮನೆ, ಬಲೆ, ಮಾತು, ಎಲ್ಲ ಒಂದು ಕ್ಷಣದಲ್ಲಿ ಇಲ್ಲವಾಯಿತು. ಅದಾದ ಮೇಲೆ ಅಳು ಬಂತು. ಆಗ ಬಂದ ಅಳು ಎಷ್ಟು ದಿನ ಹೋಯಿತೆಂದು ನನಗೆ ತಿಳಿಯದು. ನನ್ನ ಹಸಿರು ಬಳೆಗಳನ್ನು ಯಾವಾಗ ತೆಗೆದರು, ಕರಿಮಣಿ ಯಾರು ಬಿಚ್ಚಿದರು, ಒಂದೂ ನೆನಪಿಲ್ಲ. ಹಾಲು ಮಾತ್ರ ಬತ್ತಲಿಲ್ಲ.

ಈಗ ನಾನು ಕುಮಟೆಯ ಆ ಡಾಕ್ಟರು ಅಂದು ಬರೆದುಕೊಟ್ಟ ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತೇನೆ. ಅಮ್ಮನೇ ಮಗುವನ್ನು ಎತ್ತಿಕೊಂಡು ಜೊತೆಗೆ ಬರುತ್ತಾಳೆ, ಮಾತ್ರೆ ನುಂಗಿದೆಯಾ ಎಂದು ಅವಳೇ ಕೇಳುತ್ತಾಳೆ. ಸಂತೋಷ ಬಹಳ ದಿನ ಉಳಿಯಲಿಲ್ಲ. ಅವನು ಸತ್ತದ್ದು ನಿಜ. ಆದರೆ ಸಾಯುವ ಮೊದಲು ಬಿಟ್ಟಿದ್ದನೋ ಇಲ್ಲವೋ? ಹೊಸ್ತಿಲಲ್ಲಿ ಅಂದ ಮಾತು ಸಿಟ್ಟಿನದೋ, ಕೊನೆಯದೋ? ಈ ಪ್ರಶ್ನೆ ಒಂದು ಸಲ ತಲೆಗೆ ಹೊಕ್ಕ ಮೇಲೆ ಹೊರಗೆ ಹೋಗಲಿಲ್ಲ. ಅದಕ್ಕೆ ಉತ್ತರ ಗೊತ್ತಿರುವವನು ಒಬ್ಬನೇ, ಅವನ ಜೊತೆ ಅದೇ ಬೋಟಿನಲ್ಲಿದ್ದ ಭಟ್ಕಳದ ಹುಡುಗ. ನನ್ನನ್ನು ಅಕ್ಕ, ನನ್ನ ಗಂಡನನ್ನು ಅಣ್ಣ ಎನ್ನುತ್ತಾನೆ. ನಾನು ಬಾಣಂತಿಯಾಗಿದ್ದಾಗಲೇ ಒಮ್ಮೆ ಬಂದು, ಅಣ್ಣ ದಿನಾ ನಿಮ್ಮದೇ ಮಾತಾಡುತ್ತಿದ್ದ, ಬಯಕೆಗೆ ಊರಿಗೆ ಹೋಗಬೇಕು ಎನ್ನುತ್ತಿದ್ದ ಎಂದು ಹೇಳಿ ಹೋಗಿದ್ದ. ಹೇಳುವಾಗ ಅವನು ಮಗುವನ್ನು ನೋಡುತ್ತಿದ್ದ, ನನ್ನನ್ನಲ್ಲ. ದಿನಾ ನನ್ನ ಮಾತಾಡಲು ನನ್ನ ಗಂಡ ಮಾತಾಡುವವನೇ ಆಗಿರಲಿಲ್ಲ. ಬಾಣಂತಿಗೆ ಬೇರೇನು ಹೇಳಿಯಾನು ಎಂದು ಆಗ ಸುಮ್ಮನಿದ್ದೆ.

ಮಗನಿಗೆ ವರ್ಷ ತುಂಬಿದ ಮೇಲೆ ನಾನೇ ಭಟ್ಕಳಕ್ಕೆ ಅವನ ಮನೆಗೆ ಹೋದೆ. ಅವನು ಅಂಗಳದಲ್ಲಿ ಬಲೆ ಮಡಚುತ್ತಿದ್ದ. ಮತ್ತೆ ರತ್ನಾಗಿರಿಗೆ ಹೊರಡುವವನಿದ್ದ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಹೇಳಿದೆ.

"ನಾನೀಗ ಬಸುರಿ ಅಲ್ಲ, ಬಾಣಂತಿ ಅಲ್ಲ. ಎಂತ ಇದ್ರೂ ಹೇಳು. ಅವ ಬರುವವ ಆಗಿದ್ನಾ, ಇಲ್ವಾ?"

ಅವನ ಕೈ ನಿಂತಿತು. ಈ ಸಲ ಅವನು ನನ್ನ ಮುಖವನ್ನೇ ನೋಡಿದ, ಬಾಯಿ ತೆರೆದ. ಹೇಳುತ್ತಾನೆ ಎಂದು ನನಗೆ ತಿಳಿಯಿತು, ಸುಳ್ಳಲ್ಲದ್ದನ್ನು ಹೇಳುತ್ತಾನೆ. ಅಷ್ಟರಲ್ಲಿ ಅವನ ಹೆಂಡತಿ ನನಗೆ ಕುಡಿಯಲು ನೀರು ಹಿಡಿದುಕೊಂಡು ಹೊರಗೆ ಬಂದಳು. ಚಿಕ್ಕ ಹುಡುಗಿ. ಏಳು ತಿಂಗಳ ಬಸುರಿ ಇರಬೇಕು, ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು ನಡೆಯುತ್ತಿದ್ದಳು. ಎಂತ ಮಾತಾಡ್ತಿದ್ರಿ ಅಕ್ಕ ಎಂದು ನಗುತ್ತ ಕೇಳಿದಳು. ಅವನು ಬಾಯಿ ಮುಚ್ಚಿದ, ನನ್ನತ್ತ ನೋಡಿದ.

ನಾನು ನೀರು ಕುಡಿದು ಲೋಟ ಅವಳ ಕೈಗೆ ಕೊಟ್ಟೆ. ಏನಿಲ್ಲ, ರತ್ನಾಗಿರಿಯ ಕಡೆ ಈ ಸಲ ಮೀನು ಚೆನ್ನಾಗಿದೆಯಂತೆ ಎಂದೆ.